ಹೆದರಿಸುವವನ ಋಣ

ದೆವ್ವದ ಕಥೆಗಳನ್ನು ಓದುವ ಸುಶಿಕ್ಷಿತರು ಆ ವಿಷಯವನ್ನು ನಾಲ್ವರ ಮುಂದೆ ಹೇಳಿಕೊಳ್ಳುವುದು ಅಪರೂಪ. ಪುಸ್ತಕಕ್ಕೆ ಹಳೆಯ ಪೇಪರಿನ ಬೈಂಡು ಹಾಕಿರುತ್ತಾರೆ; ಯಾರಾದರೂ ಇಣುಕಿ ನೋಡಿದರೆ, ರೈಲಿನಲ್ಲಿ ಹೊತ್ತು ಹೋಗಲೆಂದು ತಂದದ್ದು ಎನ್ನುತ್ತಾರೆ. ಹೊತ್ತು ಕಳೆಯಲೆಂದೇ ಸಾವಿರ ಪುಟ ಓದಿದವರು ಅದೇ ಲೇಖಕನ ಇನ್ನೊಂದು ಸಾವಿರ ಪುಟಕ್ಕೆ ಕೈ ಚಾಚುವುದೇಕೆ? ಈ ಪ್ರಶ್ನೆಯನ್ನು ವಿಮರ್ಶಕರು ಕೇಳುವುದಿಲ್ಲ. ಓದುಗರು ಸಂಕೋಚದಿಂದ ಕೇಳಿಕೊಳ್ಳುವುದಿಲ್ಲ.

ಅಮೆರಿಕದ ಸ್ಟೀಫನ್ ಕಿಂಗ್ ಇಂತಹ ಗುಪ್ತ ಓದಿನ ದೊರೆ. 1947ರಲ್ಲಿ ಮೇನ್ ಸಂಸ್ಥಾನದಲ್ಲಿ ಹುಟ್ಟಿದ ಈತನ ಮೊದಲ ಕಾದಂಬರಿ ‘ಕ್ಯಾರಿ’ 1974ರಲ್ಲಿ ಪ್ರಕಟವಾಯಿತು. ಅದನ್ನು ಬರೆಯುವಾಗ ಈತ ಶಾಲಾ ಉಪಾಧ್ಯಾಯ. ಬರೆದು ಕಸದ ಬುಟ್ಟಿಗೆ ಎಸೆದಿದ್ದ ಅದರ ಮೊದಲ ಹಾಳೆಗಳನ್ನು ಎತ್ತಿಕೊಟ್ಟವಳು ಹೆಂಡತಿ ಟ್ಯಾಬಿತಾ. ಅಲ್ಲಿಂದ ಈಚೆಗೆ 60ಕ್ಕೂ ಹೆಚ್ಚು ಕಾದಂಬರಿಗಳು ಬಂದಿವೆ. 2003ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಫೌಂಡೇಶನ್ ಈತನಿಗೆ ಗೌರವ ಪದಕ ಕೊಟ್ಟಾಗ ಹೆರಾಲ್ಡ್ ಬ್ಲೂಮ್ ಎಂಬ ಹಿರಿಯ ವಿಮರ್ಶಕ ಸಿಡಿದೆದ್ದು, ಇದು ಸಾಹಿತ್ಯ ಸಂಸ್ಕೃತಿಯ ಅಧೋಗತಿ ಎಂಬರ್ಥದ ಮಾತುಗಳನ್ನು ಬರೆದರು. ಒಂದು ಕಡೆ ಮಾರಾಟದ ಲೆಕ್ಕ, ಇನ್ನೊಂದು ಕಡೆ ತಿರಸ್ಕಾರ. ಇವೆರಡೂ ವಿಮರ್ಶೆಯಲ್ಲ. ಈತನ ಕೃತಿಗಳನ್ನು ಅಳೆಯಲು ತಕ್ಕ ಕೋಲೊಂದು ಈತನ ಪುಸ್ತಕದಲ್ಲಿಯೇ ಇದೆ. ಅದನ್ನು ಹಿಡಿದಿರುವವಳು ಮಾತ್ರ ಒಬ್ಬ ಹುಚ್ಚಿ.

1987ರಲ್ಲಿ ಪ್ರಕಟವಾದ ‘ಮಿಸರಿ’ಯಲ್ಲಿ ದೆವ್ವವಿಲ್ಲ. ಪಾಲ್ ಶೆಲ್ಡನ್ ಎಂಬ ಜನಪ್ರಿಯ ಕಾದಂಬರಿಕಾರ ಹಿಮದಲ್ಲಿ ಕಾರು ಉರುಳಿಸಿಕೊಂಡು ಕಾಲು ಮುರಿದುಕೊಳ್ಳುತ್ತಾನೆ. ಅವನನ್ನು ಎತ್ತಿ ತಂದು ಉಪಚರಿಸುವವಳು ಆನಿ ವಿಲ್ಕ್ಸ್, ಹಿಂದೆ ದಾದಿಯಾಗಿದ್ದವಳು, ಅವನ ಪರಮ ಅಭಿಮಾನಿ. ಅವನ ಕಾದಂಬರಿಮಾಲೆಯ ನಾಯಕಿ ಮಿಸರಿ ಹೊಸ ಪುಸ್ತಕದಲ್ಲಿ ಸತ್ತಳೆಂದು ತಿಳಿದಾಗ ಆಕೆ ಕೆರಳುತ್ತಾಳೆ. ಅವಳನ್ನು ಬದುಕಿಸಿ ಬರೆ ಎಂದು ಅವನನ್ನು ಕೂಡಿಹಾಕುತ್ತಾಳೆ. ಪ್ರಾಣಭಯದಿಂದ ಪಾಲ್ ಏನೋ ಒಂದು ತೇಪೆ ಹಚ್ಚಿ ನಾಯಕಿಯನ್ನು ಎಬ್ಬಿಸುತ್ತಾನೆ. ಆನಿ ಸಂತೋಷಪಡಬೇಕಲ್ಲವೆ? ಪಡುವುದಿಲ್ಲ. ಇದು ಮೋಸ ಎನ್ನುತ್ತಾಳೆ.

ಆಕೆ ಕೊಡುವ ದೃಷ್ಟಾಂತ ಸೊಗಸಾಗಿದೆ. ಬಾಲ್ಯದಲ್ಲಿ ವಾರಕ್ಕೊಂದು ಕಂತಿನ ಸಾಹಸ ಚಿತ್ರ ನೋಡುತ್ತಿದ್ದಳಂತೆ. ಒಂದು ವಾರ ನಾಯಕನಿದ್ದ ಕಾರು ಪ್ರಪಾತಕ್ಕೆ ಬಿತ್ತು. ಮುಂದಿನ ವಾರ ನೋಡಿದರೆ ಕಾರು ಬೀಳುವ ಮೊದಲೇ ಅವನು ಹಾರಿಕೊಂಡಿದ್ದನೆಂದು ತೋರಿಸಿದರು. ಉಳಿದ ಮಕ್ಕಳು ಚಪ್ಪಾಳೆ ತಟ್ಟಿದರು. ಈಕೆ ಎದ್ದು ನಿಂತು, ಹೋದ ವಾರ ಹೀಗೆ ನಡೆಯಲಿಲ್ಲ ಎಂದು ಕೂಗಿದಳು. ಕಥೆ ನಿಜವಾಗಿರಬೇಕಾಗಿಲ್ಲ, ನ್ಯಾಯವಾಗಿರಬೇಕು: ಇದು ಆಕೆಯ ಕಾವ್ಯಮೀಮಾಂಸೆ. ಪಾಲ್ ಮತ್ತೆ ಬರೆಯುತ್ತಾನೆ. ಜೇನುಹುಳ ಕಚ್ಚಿ ಸತ್ತಂತಾದ ನಾಯಕಿಯನ್ನು ಜೀವಂತ ಹೂಳಿದ್ದರೆಂದು ಕಾರಣ ಹೂಡುತ್ತಾನೆ. ಅಸಂಭವವೇ ಸರಿ, ಆದರೂ ಆನಿ ಒಪ್ಪುತ್ತಾಳೆ, ಓದುವ ನಾವೂ ಒಪ್ಪುತ್ತೇವೆ.

ಭಯದ ಕಥೆ ಬರೆಯುವವನು ಓದುಗನಿಂದ ಸಾಲ ಪಡೆದವನು. ದೆವ್ವವುಂಟೆಂದು ನಂಬು ಎನ್ನುತ್ತಾನೆ, ನಂಬುತ್ತೇವೆ. ಆ ಸಾಲವನ್ನು ಆತ ಕಾರಣದ ರೂಪದಲ್ಲಿ ತೀರಿಸಬೇಕು. ಕಿಂಗ್ ತೀರಿಸುವನೆ?

1977ರ ‘ದಿ ಶೈನಿಂಗ್’ ನೋಡಿ. ಜ್ಯಾಕ್ ಟಾರೆನ್ಸ್ ಕೆಲಸ ಕಳೆದುಕೊಂಡ ಉಪಾಧ್ಯಾಯ. ಕುಡಿದ ಕೋಪದಲ್ಲಿ ಹಿಂದೊಮ್ಮೆ ಮಗನ ತೋಳು ಮುರಿದವನು. ಚಳಿಗಾಲದಲ್ಲಿ ಮುಚ್ಚಿರುವ ಬೆಟ್ಟದ ಹೋಟೆಲಿಗೆ ಕಾವಲುಗಾರನಾಗಿ ಹೆಂಡತಿ ಮಗನೊಂದಿಗೆ ಬರುತ್ತಾನೆ. ಅಲ್ಲಿರುವ ಹಳೆಯ ಬಾಯ್ಲರಿನ ಒತ್ತಡ ತಾನಾಗಿಯೇ ಏರುತ್ತದೆ, ಮರೆಯದೆ ಇಳಿಸುತ್ತಿರಬೇಕು ಎಂದು ಮೊದಲ ಪುಟಗಳಲ್ಲಿಯೇ ಅವನಿಗೆ ಹೇಳಿರುತ್ತಾರೆ. ಕೊನೆಯಲ್ಲಿ ಹೋಟೆಲಿನ ದುಷ್ಟಶಕ್ತಿ ಅವನನ್ನು ಪೂರ್ತಿ ನುಂಗಿದಾಗ ಈ ಕೆಲಸ ಮರೆತುಹೋಗಿ ಕಟ್ಟಡ ಸಿಡಿಯುತ್ತದೆ. ಏರುವ ಮುಳ್ಳು ಬಾಯ್ಲರಿನದೂ ಹೌದು, ಜ್ಯಾಕನ ಕೋಪದ್ದೂ ಹೌದು. ಸಾಲ ಬಡ್ಡಿಯೊಡನೆ ತೀರಿತು. 1980ರಲ್ಲಿ ಸ್ಟ್ಯಾನ್ಲಿ ಕ್ಯುಬ್ರಿಕ್ ಮಾಡಿದ ಚಿತ್ರದಲ್ಲಿ ಈ ಸ್ಫೋಟವಿಲ್ಲ, ಜ್ಯಾಕ್ ಹಿಮದಲ್ಲಿ ಮರಗಟ್ಟಿ ಸಾಯುತ್ತಾನೆ. ಚಿತ್ರ ಪ್ರಸಿದ್ಧವಾದರೂ ಕಿಂಗ್ ಅದನ್ನು ಮೆಚ್ಚದಿದ್ದುದರಲ್ಲಿ ಆಶ್ಚರ್ಯವಿಲ್ಲ.

1983ರ ‘ಪೆಟ್ ಸೆಮೆಟರಿ’ ಇನ್ನೂ ಕಠಿಣವಾದ ಪುಸ್ತಕ. ವೈದ್ಯನೊಬ್ಬನ ಮನೆಯ ಮುಂದೆ ಲಾರಿಗಳು ಬಿರುಸಾಗಿ ಓಡುವ ರಸ್ತೆ. ಮನೆಯ ಹಿಂದೆ ಮಕ್ಕಳು ಸಾಕುಪ್ರಾಣಿಗಳನ್ನು ಹೂಳುವ ಜಾಗ. ಅದರಾಚೆಗೆ ಹೂತದ್ದನ್ನು ಎಬ್ಬಿಸಿ ಕಳಿಸುವ ಇನ್ನೊಂದು ನೆಲ. ಮಗಳ ಬೆಕ್ಕು ಸತ್ತಾಗ ನೆರೆಯ ಮುದುಕ ಕರುಣೆಯಿಂದಲೇ ಆ ದಾರಿ ತೋರಿಸುತ್ತಾನೆ. ಮರಳಿ ಬಂದ ಬೆಕ್ಕು ಹಿಂದಿನ ಬೆಕ್ಕಲ್ಲ. ಇದನ್ನು ಕಣ್ಣಾರೆ ಕಂಡ ತಂದೆ, ಪುಟ್ಟ ಮಗ ಲಾರಿಗೆ ಸಿಕ್ಕಿ ಸತ್ತಾಗ ಏನು ಮಾಡುತ್ತಾನೆಂದು ನಮಗೆ ಮೊದಲೇ ತಿಳಿದಿರುತ್ತದೆ. ಬೇಡ ಎನ್ನುತ್ತಲೇ ಓದುತ್ತೇವೆ. ಅವನ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವೇನೋ ಎಂಬ ಅನುಮಾನವೇ ಇಲ್ಲಿಯ ನಿಜವಾದ ದೆವ್ವ.

ಆನಿಯ ಕೋಲಿನಿಂದ ಅಳೆದರೆ ಸೋಲುವ ಪುಸ್ತಕಗಳೂ ಇವೆ. 1986ರ ‘ಇಟ್’ ಸಾವಿರ ಪುಟ ಮೀರಿದ ಕಾದಂಬರಿ. ಡೆರಿ ಎಂಬ ಕಲ್ಪಿತ ಊರಿನಲ್ಲಿ ಮಕ್ಕಳು ಸಾಯುತ್ತಿರುತ್ತಾರೆ, ದೊಡ್ಡವರು ಕಂಡೂ ಕಾಣದಂತಿರುತ್ತಾರೆ. ಪುಂಡರು ಹುಡುಗಿಯೊಬ್ಬಳ ಮೇಲೆ ಬಿದ್ದಾಗ ಎದುರು ಮನೆಯ ಮನುಷ್ಯ ಓದುತ್ತಿದ್ದ ಪತ್ರಿಕೆಯನ್ನು ಮಡಿಚಿಕೊಂಡು ಒಳಗೆ ಹೋಗುತ್ತಾನೆ. ಪತ್ರಿಕೆ ಓದುವ ನಾವೆಲ್ಲರೂ ಬೆಚ್ಚಬೇಕಾದ ಸಾಲು ಅದು. ಇಷ್ಟು ದೊಡ್ಡ ಭಯವನ್ನು ಕಟ್ಟಿದ ಮೇಲೆ ಕೊನೆಗೆ ನೆಲದಡಿಯಲ್ಲಿ ಸಿಕ್ಕುವುದು ಒಂದು ದೈತ್ಯ ಜೇಡ! ಊರಿನ ಪಾಪವನ್ನು ಜೇಡದ ತಲೆಗೆ ಕಟ್ಟಿ ಊರನ್ನು ಬಿಟ್ಟುಬಿಟ್ಟಂತಾಯಿತು. 2009ರ ‘ಅಂಡರ್ ದಿ ಡೋಮ್’ನಲ್ಲಿಯೂ ಪುಡಿ ರಾಜಕಾರಣಿಯ ಅಧಿಕಾರದಾಹವನ್ನು ಅಷ್ಟು ಚೆನ್ನಾಗಿ ತೋರಿಸಿ, ಕೊನೆಗೆ ಎಲ್ಲವನ್ನೂ ಬೇರೆ ಲೋಕದ ಜೀವಿಗಳ ಆಟವೆಂದು ಮುಗಿಸುತ್ತಾನೆ. ‘ಇಟ್’ನ 2019ರ ಚಿತ್ರದಲ್ಲಿ ಕಿಂಗ್ ತಾನೇ ಅಂಗಡಿಯವನ ಪಾತ್ರದಲ್ಲಿ ಬಂದು, ನಿನ್ನ ಪುಸ್ತಕದ ಕೊನೆ ಹಿಡಿಸಲಿಲ್ಲ ಎಂದು ಕಥೆಯೊಳಗಿನ ಕಾದಂಬರಿಕಾರನಿಗೆ ಹೇಳುತ್ತಾನೆ. ಓದುಗರ ದೂರು ಲೇಖಕನ ಕಿವಿಗೆ ಬಿದ್ದಿದೆ ಎಂದಾಯಿತು.

ನಮ್ಮ ಆಲಂಕಾರಿಕರು ಭಯಾನಕವನ್ನೂ ಬೀಭತ್ಸವನ್ನೂ ಬೇರೆ ಬೇರೆ ರಸಗಳೆಂದು ಎಣಿಸಿದರು. ಕಿಂಗನೂ 1981ರ ತನ್ನ ‘ದಾನ್ಸ್ ಮಕಾಬ್ರ್’ ಎಂಬ ವಿಮರ್ಶಾ ಗ್ರಂಥದಲ್ಲಿ, ಕಾಣದಿದ್ದುದರ ಅಂಜಿಕೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟು, ಅಸಹ್ಯ ಹುಟ್ಟಿಸುವುದನ್ನು ಕೊನೆಯ ಉಪಾಯವೆಂದು ಕೆಳಗಿಡುತ್ತಾನೆ. ಅಗತ್ಯ ಬಿದ್ದರೆ ಅದಕ್ಕೂ ಕೈಹಾಕುವೆನೆಂದು ಸಂಕೋಚವಿಲ್ಲದೆ ಹೇಳುತ್ತಾನೆ. ಆತ ಜಾರುವುದು ಬಹುಮಟ್ಟಿಗೆ ಹೀಗೆ ಕೈಹಾಕಿದಾಗಲೇ. ಸಾಲ, ಕುಡಿತ, ಮಗುವಿನ ಕಾಯಿಲೆ, ಮುರಿಯುತ್ತಿರುವ ದಾಂಪತ್ಯ ಇವುಗಳ ಭಯವನ್ನು ಬರೆಯುವಾಗ ಆತನ ಕೈ ನಡುಗುವುದಿಲ್ಲ.

ಹಾಗೆಂದು ಓದುಗನೇ ಯಜಮಾನನಲ್ಲ. ತಪ್ಪನ್ನು ಸರಿಯಾಗಿ ಹಿಡಿದ ಅದೇ ಆನಿ, ಕೋಣೆ ಬಿಟ್ಟು ಹೊರಗೆ ಬಂದುದಕ್ಕಾಗಿ ಪಾಲನ ಪಾದವನ್ನು ಕೊಡಲಿಯಿಂದ ಕಡಿಯುತ್ತಾಳೆ. ನ್ಯಾಯ ಕೇಳುವ ಹಕ್ಕು ಓದುಗನದು. ತನಗೆ ಪ್ರಿಯವಾದದ್ದನ್ನೇ ಬರೆ ಎನ್ನುವ ಹಕ್ಕು ಅವನದಲ್ಲ. ಅಭಿಮಾನ ಎಲ್ಲಿ ವಿಮರ್ಶೆಯಾಗಿರುತ್ತದೆ, ಎಲ್ಲಿ ಸೆರೆಮನೆಯಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪುಸ್ತಕವನ್ನು ಸಾಹಿತ್ಯದ ಹೊರಗಿಡುವುದು ಕಷ್ಟ.

ಹೊಸದಾಗಿ ಓದಬಯಸುವವರು ‘ಮಿಸರಿ’ಯಿಂದ ಆರಂಭಿಸುವುದು ಒಳ್ಳೆಯದು. ‘ಪೆಟ್ ಸೆಮೆಟರಿ’ಯನ್ನು ಮಾತ್ರ, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಹಗಲಿನಲ್ಲಿ ಓದಲಿ.