ಚಾಮಯ್ಯ ಮೇಷ್ಟ್ರು ಕೇಳಿದ ದಕ್ಷಿಣೆ

ಕನ್ನಡ ಚಿತ್ರಗಳಲ್ಲಿ ಒಳ್ಳೆಯ ಮೇಷ್ಟ್ರು ಯಾರೆಂದು ಕೇಳಿದರೆ ಹೆಚ್ಚಿನವರ ಬಾಯಿಗೆ ಬರುವುದು ಚಾಮಯ್ಯ ಮೇಷ್ಟ್ರ ಹೆಸರು. ಕುಂದಾಪುರದ ಕಡೆಯ ನಾವು ಎಲ್ಲರನ್ನೂ 'ಮಾಷ್ಟ್ರು' ಎಂದರೂ ಅವರನ್ನು ಮಾತ್ರ 'ಮೇಷ್ಟ್ರು' ಎಂದೇ ನೆನೆಯುತ್ತೇವೆ. ಶಿಕ್ಷಕರ ದಿನಾಚರಣೆಯ ಭಾಷಣಗಳಲ್ಲಿ ಅವರಿಗೆ ಒಂದು ಸ್ಥಾನ ಇದ್ದೇ ಇದೆ. ಆದರೆ ಆ ಮೇಷ್ಟ್ರು ಚಿತ್ರದ ಕೊನೆಯಲ್ಲಿ ಸೋಲುತ್ತಾರೆ. ಆ ಸೋಲಿನ ಬಗ್ಗೆ ನಾವು ಶಿಕ್ಷಕರು ಮಾತಾಡುವುದು ಕಡಿಮೆ.

ಪುಟ್ಟಣ್ಣ ಕಣಗಾಲರ 'ನಾಗರಹಾವು' ತೆರೆಗೆ ಬಂದದ್ದು 1972ರ ಡಿಸೆಂಬರಿನಲ್ಲಿ. 2018ರಲ್ಲಿ ಹೊಸ ತಂತ್ರಜ್ಞಾನದೊಡನೆ ಮತ್ತೊಮ್ಮೆ ಬಂತು. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಮಾಡಿದ ಚಿತ್ರವಿದು. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಕಾದಂಬರಿಕಾರರು ಬೇಸರಪಟ್ಟದ್ದು ಪ್ರಸಿದ್ಧವೇ.

ಹುಡುಗ ರಾಮಾಚಾರಿ ಮುಂಗೋಪಿ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದಾಗ ಪ್ರಿನ್ಸಿಪಾಲ ಶ್ಯಾಮರಾಯರು ಅವಮಾನಿಸುತ್ತಾರೆ. ಹುಡುಗ ರಾತ್ರಿ ಹೋಗಿ ಸೇಡು ತೀರಿಸಿಕೊಳ್ಳುತ್ತಾನೆ. ಅದೇ ಹುಡುಗ ಚಾಮಯ್ಯನವರ ಮುಂದೆ ಮೆತ್ತಗಾಗುತ್ತಾನೆ. ಅಶ್ವತ್ಥ್ ಈ ಪಾತ್ರವನ್ನು ದನಿ ಏರಿಸದೆ ನಡೆಸಿದ್ದಾರೆ. ಹುಡುಗ ಹೇಳುವುದನ್ನು ಹೇಳಿ ಮುಗಿಸುವ ತನಕ ಕಾಯುವ ತಾಳ್ಮೆ ಅವರ ಮುಖದಲ್ಲಿದೆ. ವಿಷ್ಣುವರ್ಧನರ ಕಣ್ಣಿನ ಸಿಟ್ಟು ಅಲ್ಲಿ ಇಳಿಯುವುದನ್ನು ನೋಡಿದರೆ, ಶಿಕ್ಷೆಯಿಂದ ಆಗದ್ದು ವಿಶ್ವಾಸದಿಂದ ಆಗುತ್ತದೆ ಎಂಬುದಕ್ಕೆ ಬೇರೆ ಪಾಠ ಬೇಡ. ಇಷ್ಟರ ತನಕ ಚಿತ್ರಕ್ಕೆ ನಾನೂ ಕೈಮುಗಿಯುತ್ತೇನೆ.

ತೊಡಕು ಮುಂದಿನದು. ರಾಮಾಚಾರಿ ಗೆಳೆಯ ವರದನ ತಂಗಿ ಅಲಮೇಲುವನ್ನು ಪ್ರೀತಿಸುತ್ತಾನೆ. ಇವನು ಮಾಧ್ವ, ಅವಳು ಅಯ್ಯಂಗಾರಿ. ಯಾರ ಮಾತನ್ನೂ ಕೇಳದ ಹುಡುಗನಿಗೆ ಹೇಳುವವರು ಒಬ್ಬರೇ, ಮೇಷ್ಟ್ರು. ಅವರು ತ್ಯಾಗದ ಮಾತು ಹೇಳುತ್ತಾರೆ; ಹುಡುಗ ಒಪ್ಪುತ್ತಾನೆ. ವರ್ಷಗಟ್ಟಲೆ ಗಳಿಸಿದ ವಿಶ್ವಾಸವನ್ನು ಮೇಷ್ಟ್ರು ಖರ್ಚು ಮಾಡಿದ್ದು ಊರಿನ ಕಟ್ಟುಪಾಡನ್ನು ಉಳಿಸುವುದಕ್ಕೆ. ದ್ರೋಣರು ಏಕಲವ್ಯನ ಹೆಬ್ಬೆರಳು ಕೇಳಿದ್ದನ್ನು ಕಠೋರ ಎನ್ನುತ್ತೇವೆ. ಚಾಮಯ್ಯನವರು ಮೃದುವಾಗಿ ಕೇಳಿದರೆಂಬ ಒಂದೇ ಕಾರಣಕ್ಕೆ ಅದು ದಕ್ಷಿಣೆ ಅಲ್ಲವೆನ್ನಬಹುದೆ?

ಅದರ ಬೆಲೆ ತೆತ್ತವಳು ಅಲಮೇಲು. ಬೇರೆಯವನಿಗೆ ಮದುವೆಯಾದ ಅವಳನ್ನು ರಾಮಾಚಾರಿ ಮತ್ತೆ ಕಾಣುವಾಗ ಅವಳು ವೇಶ್ಯೆಯಾಗಿದ್ದಾಳೆ. ತಾನು ಮಾಡಿದ ತ್ಯಾಗ ಯಾರ ಬದುಕನ್ನು ಕೊಟ್ಟು ಮಾಡಿದ್ದೆಂದು ಹುಡುಗನಿಗೆ ತಿಳಿಯುವುದು ಅಲ್ಲಿ. ಇದೇ ಚಿತ್ರದಲ್ಲಿ ಒನಕೆ ಹಿಡಿದ ಓಬವ್ವನಾಗಿ ಜಯಂತಿ ಬರುತ್ತಾರೆ. ಟಾಕೀಸಿನಲ್ಲಿ ಆ ಹಾಡಿಗೆ ಚಪ್ಪಾಳೆ ಬೀಳುತ್ತದೆ. ಕೋಟೆಯ ಹೆಣ್ಣಿನ ಧೈರ್ಯವನ್ನು ಹಾಡಿ ಹೊಗಳುವ ಊರು ಎದುರಿಗಿರುವ ಹೆಣ್ಣಿನ ಮನಸ್ಸಿಗೆ ಬೆಲೆ ಕೊಡಲಿಲ್ಲ. ಹುಡುಗನಿಗೆ ಒಬ್ಬ ಮೇಷ್ಟ್ರಿದ್ದರು, ಹುಡುಗಿಗೆ ಯಾರೂ ಇರಲಿಲ್ಲ.

ಕ್ರೈಸ್ತ ಹುಡುಗಿ ಮಾರ್ಗರೇಟಳ ವಿಷಯ ಬಂದಾಗ ಮೇಷ್ಟ್ರು ಮತ್ತೆ ಅದೇ ಬುದ್ಧಿಮಾತು ಹೇಳುತ್ತಾರೆ. ಅಲಮೇಲುವಿನ ಗತಿ ಕಂಡು ಬಂದ ಹುಡುಗ ಈ ಸಲ ಬಗ್ಗುವುದಿಲ್ಲ. ದುರ್ಗದ ಬೆಟ್ಟದ ಮೇಲೆ ಮೂರು ಜೀವ ಹೋಗುತ್ತವೆ. ಶಿಷ್ಯ ಕಲಿತ, ಗುರು ಕಲಿಯಲಿಲ್ಲ. ಚಿತ್ರ ಇದನ್ನು ತೋರಿಸುತ್ತದೆ. ಆದರೆ ನಮ್ಮ ಕಣ್ಣೀರನ್ನೆಲ್ಲ ಗುರುಭಕ್ತಿಯ ಕಡೆಗೇ ತಿರುಗಿಸಿಬಿಡುತ್ತದೆ. ನನ್ನ ಆಕ್ಷೇಪ ಇಷ್ಟೇ.

ಇದು ಹಳೆಯ ಚಿತ್ರದ ಮಾತೆಂದು ಬಿಡುವಂತಿಲ್ಲ. ಗಂಗೊಳ್ಳಿಯ ಬೋಟಿಗೋ ಬೆಂಗಳೂರಿನ ಹೋಟೆಲಿಗೋ ಹೊರಟು ನಿಂತ ಹುಡುಗರು ನಮ್ಮ ಕ್ಲಾಸುಗಳಲ್ಲೂ ಕೂತಿದ್ದವರೇ. ಹತ್ತನೆಯದು ಮುಗಿಯುವ ಮೊದಲೇ ಮನೆಯಲ್ಲಿ ಮದುವೆಯ ಮಾತು ಕೇಳುವ ಹುಡುಗಿಯರೂ ಕೂತಿದ್ದವರೇ. ಹೆತ್ತವರು ಬಂದು "ನೀವು ಹೇಳಿದ್ರೆ ಕೇಳ್ತಾಳೆ ಟೀಚರೇ, ಒಂದು ಮಾತು ಹೇಳಿ" ಎನ್ನುವ ದಿನ ಪ್ರತಿ ಶಿಕ್ಷಕಿಗೂ ಬರುತ್ತದೆ. ಆಗ ಬಾಯಿ ತೆರೆಯುವ ಮೊದಲು, ಈ ಮಾತಿನಿಂದ ಒಳ್ಳೆಯದಾಗುವುದು ಮಗುವಿಗೋ ಊರಿಗೋ ಎಂದು ಯೋಚಿಸಬೇಕು. ಊರಿಗೆ ಮಾತ್ರವೆಂದಾದರೆ ಆ ಮಾತನ್ನು ಹೆತ್ತವರೇ ಹೇಳಿಕೊಳ್ಳಲಿ.