ಜೇನುಬಣ್ಣದ ಕಲ್ಲಿನ ಊರು

ಇಂಗ್ಲೆಂಡಿನ ಹಳ್ಳಿನಾಡಿನಲ್ಲಿ ನನ್ನ ಮನಸ್ಸು ಸೋತದ್ದು ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ಕಲ್ಲಿಗೆ. ಅಲ್ಲಿ ಮನೆ, ಚರ್ಚು, ಹೊಲದ ಬೇಲಿಗೋಡೆ, ಮಾಡಿನ ಹೊದಿಕೆ ಎಲ್ಲವೂ ಕಾಲಡಿಯ ಸುಣ್ಣಕಲ್ಲೇ. ಜುರಾಸಿಕ್ ಕಾಲದ ಬೆಚ್ಚನೆಯ, ಆಳವಿಲ್ಲದ ಕಡಲಿನಲ್ಲಿ ಹೊರಳಿ ಹೊರಳಿ ದುಂಡಗಾದ, ಗಸಗಸೆಯಷ್ಟು ಸಣ್ಣ ಕಣಗಳು ಒಂದಕ್ಕೊಂದು ಬೆಸೆದು ಆದ ಕಲ್ಲದು. ಬೆರಳಾಡಿಸಿದರೆ ಆ ನವಿರು ತರಿ ಈಗಲೂ ಸಿಗುತ್ತದೆ. ಉತ್ತರದಲ್ಲಿ ಗಾಢ ಜೇನುಬಣ್ಣ. ದಕ್ಷಿಣಕ್ಕೆ, ಬಾತ್ ನಗರದ ಕಡೆ ಇಳಿದಂತೆ ತಿಳಿಯಾಗುತ್ತಾ ಕೆನೆಬಣ್ಣ.

ಎಲ್ಲರೂ ಮೊದಲು ಓಡುವುದು ಬೈಬರಿ ಹಳ್ಳಿಗೆ. ಓಡಲಿ, ತಪ್ಪೇನಿಲ್ಲ. ಕೋಲ್ನ್ ಹೊಳೆಯ ಬದಿಯ ಆರ್ಲಿಂಗ್ಟನ್ ರೋ ಸುಮಾರು 1380ರಲ್ಲಿ ಉಣ್ಣೆಯ ಉಗ್ರಾಣವಾಗಿ ಎದ್ದದ್ದು, 17ನೇ ಶತಮಾನದಲ್ಲಿ ನೇಕಾರರ ಮನೆಗಳಾಯಿತು. ಆದರೆ ಫೋಟೊ ತೆಗೆಯುವವರ ಸಂದಣಿಯಲ್ಲಿ ರಸ ಸಿಗುವುದಿಲ್ಲ.

ನನ್ನ ಆಯ್ಕೆ ಚಿಪ್ಪಿಂಗ್ ಕ್ಯಾಂಪ್ಡನ್. ಅದರ ಹೈ ಸ್ಟ್ರೀಟ್ ಮೆಲ್ಲನೆ ಬಾಗುತ್ತದೆ. ಹಾಗಾಗಿ ಬೀದಿ ಒಮ್ಮೆಗೇ ಕಾಣಸಿಗದು, ನಡೆದಷ್ಟೂ ಒಂದೊಂದೇ ಮನೆ ಮುಖ ತೋರಿಸುತ್ತದೆ. ನಡುವೆ 1627ರ ಮಾರ್ಕೆಟ್ ಹಾಲ್. ಗೋಡೆ ಕಡಿಮೆ, ಕಮಾನುಗಳೇ ಹೆಚ್ಚು. ಒಳಗಿನ ನೆಲಗಲ್ಲು ಸಂತೆಯ ಕಾಲುಗಳಿಗೆ ಸವೆದು ಸವೆದು ಅಲೆಯಲೆಯಾಗಿದೆ. ಬೂಟು ಬಿಚ್ಚಿ ನಿಲ್ಲಬೇಕೆನಿಸುತ್ತದೆ.

ಮಾಡುಗಳನ್ನು ನೋಡಲು ಮಾತ್ರ ಆತುರ ಬೇಡ. ಕಡಿದಾದ ಇಳಿಜಾರು. ಸೂರಿನಂಚಿನಲ್ಲಿ ಅಗಲವಾದ, ತೂಕದ ಕಲ್ಲುಹಲಗೆಗಳು. ಮೇಲೆ ಮೇಲೆ ಹೋದಂತೆ ಒಂದೊಂದು ಸಾಲೂ ತುಸು ಕಿರಿದಾಗುತ್ತಾ, ನೆತ್ತಿಯ ಹೊತ್ತಿಗೆ ಅಂಗೈಯಗಲದ ಚೂರುಗಳು. ಹಿಂದೆ ಕೆಲವು ಕಡೆ ಅಗೆದ ಕಲ್ಲನ್ನು ಚಳಿಗಾಲವಿಡೀ ಬಯಲಲ್ಲಿ ಒದ್ದೆಯಾಗಿಡುತ್ತಿದ್ದರು. ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ, ಪದರ ಪದರವಾಗಿ ಬಿಡಿಸಿಕೊಡುತ್ತಿತ್ತು. ಉಳಿಗಿಂತ ಮೊದಲು ಹಿಮದ ಕೈ! ಮಾಡಿನ ಮೇಲೆ ಶತಮಾನಗಳ ಕಲ್ಲುಹೂವು ಬೂದು, ಹಳದಿ, ಪಾಚಿಹಸಿರು ಚುಕ್ಕೆಯಿಟ್ಟಿದೆ.

ಈ ಸಿರಿಯೆಲ್ಲ ಕುರಿಯದು. 1401ರಲ್ಲಿ ತೀರಿಕೊಂಡ ಉಣ್ಣೆ ವ್ಯಾಪಾರಿ ವಿಲಿಯಂ ಗ್ರೆವೆಲ್‌ನ ಹಿತ್ತಾಳೆಯ ಸಮಾಧಿಫಲಕ ಸೇಂಟ್ ಜೇಮ್ಸ್ ಚರ್ಚಿನಲ್ಲಿದೆ. ಅವನ ಮನೆ ಇದೇ ಹೈ ಸ್ಟ್ರೀಟಿನಲ್ಲಿ. ಉಣ್ಣೆಯ ಕಾಲ ಮುಗಿದ ಎಷ್ಟೋ ವರ್ಷಗಳ ಮೇಲೆ, 1902ರಲ್ಲಿ, ವಿನ್ಯಾಸಕಾರ ಸಿ. ಆರ್. ಆ್ಯಶ್‌ಬಿ ಲಂಡನ್ನಿನಿಂದ ತನ್ನ ಕುಶಲಕರ್ಮಿಗಳ ಸಂಘವನ್ನೇ ಇಲ್ಲಿಗೆ ಕರೆತಂದ. ಸಂಘ 1908ರಲ್ಲಿ ಮುಚ್ಚಿತು. ಅದರಿಂದ ಬಂದ ಹಾರ್ಟ್ ಮನೆತನದ ಬೆಳ್ಳಿಕೆಲಸ ಮಾತ್ರ ಊರಿನ ಹಳೇ ರೇಷ್ಮೆ ಗಿರಣಿಯಲ್ಲಿ ಇನ್ನೂ ನಡೆಯುತ್ತಿದೆ.

ಹೊಲದ ಹಾದಿಯಲ್ಲಿ ಸ್ವಲ್ಪ ನಡೆದರೆ ಬ್ರಾಡ್ ಕ್ಯಾಂಪ್ಡನ್. ಅಲ್ಲಿನ ನಾರ್ಮನ್ ಚಾಪೆಲ್ ಎಂಬ ಹಳೆಯ ಕಟ್ಟಡವನ್ನು ಆ್ಯಶ್‌ಬಿ ಮನೆಯಾಗಿ ಸಜ್ಜುಗೊಳಿಸಿದ್ದು ಆನಂದ ಕುಮಾರಸ್ವಾಮಿಯವರಿಗಾಗಿ. ಹೌದು, ಶಿವತಾಂಡವದ ಅರ್ಥವನ್ನು ಲೋಕಕ್ಕೆ ಬಿಡಿಸಿ ಹೇಳಿದ ಅದೇ ಕುಮಾರಸ್ವಾಮಿ. ಸಿಂಹಳದ ಮಧ್ಯಕಾಲೀನ ಕಲೆಯ ಕುರಿತ ತಮ್ಮ ಗ್ರಂಥವನ್ನು 1908ರಲ್ಲಿ ಇಲ್ಲಿಯೇ ಕೈಯಚ್ಚಿನಲ್ಲಿ ಮುದ್ರಿಸಿದರು, ಬರೀ 425 ಪ್ರತಿ. ಆ ಅಚ್ಚುಯಂತ್ರ ಕಲಾವಿದ ವಿಲಿಯಂ ಮಾರಿಸ್ ಕವಿ ಚಾಸರ್‌ನ ಸಂಪುಟವನ್ನು ಅಚ್ಚುಹಾಕಿದ್ದೇ. ಕೈಕೆಲಸದ ಘನತೆಯನ್ನು ಬರೆಯಲು ಇದಕ್ಕಿಂತ ಒಪ್ಪುವ ಊರು ಬೇರೆಲ್ಲಿ ಸಿಕ್ಕೀತು?

ಲಂಡನ್ನಿಗೆ ಹೋದವರು ಪ್ಯಾಡಿಂಗ್ಟನ್‌ನಲ್ಲಿ ಮೋರ್ಟನ್-ಇನ್-ಮಾರ್ಷ್‌ಗೆ ರೈಲು ಹಿಡಿಯಿರಿ, ಎರಡು ಗಂಟೆಯೊಳಗಿನ ದಾರಿ. ಅಲ್ಲಿಂದ ಬಸ್ಸು. ಒಂದು ರಾತ್ರಿಯಾದರೂ ಕ್ಯಾಂಪ್ಡನ್‌ನಲ್ಲಿ ತಂಗಿ. ಇಳಿಬಿಸಿಲಿನಲ್ಲಿ ಆ ಕಲ್ಲನ್ನು ನೋಡದೆ ಹಿಂದಿರುಗಬೇಡಿ.