ಕಾಲಿಗೆ ರಾಡ್ ಹಾಕಿಸಿದ ಮೇಲೆ

ಮುರಿದ ಕಾಲೆಲುಬಿನ ಟೊಳ್ಳಿನೊಳಗೆ ಲೋಹದ ರಾಡ್ ಇಳಿಸುವ ಪದ್ಧತಿಯನ್ನು 1940ರ ಸುಮಾರಿಗೆ ಬಳಕೆಗೆ ತಂದವರು ಜರ್ಮನಿಯ ಗೆರ್ಹಾರ್ಡ್ ಕ್ಯುಂಟ್ಷರ್. ಎಲುಬು ಹಲವು ಚೂರಾಗಿದ್ದರೆ ಆ ರಾಡಿನ ಸುತ್ತ ತಿರುಗುತ್ತಿತ್ತು, ಕುಸಿದು ಗಿಡ್ಡವಾಗುತ್ತಿತ್ತು. ಎರಡೂ ತುದಿಗೆ ಅಡ್ಡ ಸ್ಕ್ರೂ ಹಾಕುವ ಇಂಟರ್‌ಲಾಕಿಂಗ್ ನೇಲ್ ಆ ಕೊರತೆ ನೀಗಿತು. ತೊಡಕುಗಳು ಮಾತ್ರ ಪೂರ್ತಿ ಹೋಗಿಲ್ಲ.

ಎಲ್ಲಕ್ಕಿಂತ ಅವಸರದ್ದು ಮೀನಖಂಡದ ಒತ್ತಡ. ಅಲ್ಲಿನ ಸ್ನಾಯುಗಳನ್ನು ಹಿಗ್ಗದ ಪೊರೆ ಸುತ್ತಿಕೊಂಡಿದೆ. ಒಳಗೆ ಬಾವು ಏರಿದರೆ ರಕ್ತ ಹರಿಯದೆ ಸ್ನಾಯು ಸಾಯತೊಡಗುತ್ತದೆ. ಹೀಗಾಗಿ ಬಾಳೆಹೊಸೂರಿನಂಥ ಹಳ್ಳಿಯಿಂದ ಗಾಯಾಳುವನ್ನು ಗದಗದ ಜಿಮ್ಸ್ ಆಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೋ ಒಯ್ಯುವಾಗ ದಬ್ಬೆ ಕಟ್ಟಲೇಬೇಕು, ಆದರೆ ಬಿಗಿದು ಕಟ್ಟಬಾರದು. ಆಪರೇಷನ್ನಿನ ಬಳಿಕವೂ ಈ ಒತ್ತಡ ಏರಬಹುದು. ಬೇರೆಯವರು ಕಾಲ್ಬೆರಳು ಮೆಲ್ಲಗೆ ಅಲುಗಿಸಿದರೂ ತಡೆಯಲಾಗದ ನೋವು, ಇಂಜೆಕ್ಷನ್ನಿಗೂ ಬಗ್ಗದ ನೋವು ಇದರ ಗುರುತು. ಪಾದದ ನಾಡಿ ಸಿಗುತ್ತಿದೆ ಎಂದು ಸುಮ್ಮನಿರುವಂತಿಲ್ಲ. ಕೆಲವೇ ತಾಸಿನೊಳಗೆ ಪೊರೆ ಸೀಳದಿದ್ದರೆ ಕಾಲು ಉಳಿದರೂ ಅದರ ಶಕ್ತಿ ಉಳಿಯದು.

ತೊಡೆ ಮುರಿದವರಲ್ಲಿ ಮಜ್ಜೆಯ ಕೊಬ್ಬು ರಕ್ತಕ್ಕೆ ಸೇರಿ, ಒಂದೆರಡು ದಿನದಲ್ಲಿ ಏದುಸಿರು, ಮಂಕು ಕಾಣಿಸಬಹುದು. ಪಾದ ತಿರುಚಿ ಎಲುಬು ಕೂಡುವುದೂ ಉಂಟು. ಸ್ಕ್ರೂ ಬಿಗಿಯುವ ಮೊದಲೇ ಇನ್ನೊಂದು ಕಾಲಿನೊಂದಿಗೆ ಹೋಲಿಸಿ ನೋಡಬೇಕು.

ಚರ್ಮ ಹರಿದು ಎಲುಬು ಹೊರಬಂದ ಗಾಯಕ್ಕೆ ಸೋಂಕಿನ ಭಯ ಹೆಚ್ಚು. ಹೊಲದ ಮಣ್ಣು ತಾಗಿದ್ದರಂತೂ ಗಾಯವನ್ನು ಚೆನ್ನಾಗಿ ತೊಳೆದು, ಸತ್ತ ಮಾಂಸ ತೆಗೆಯುವುದು ರಾಡಿನಷ್ಟೇ ಮುಖ್ಯ.

ಎಲುಬು ಕೂಡದಿದ್ದರೆ ದಿನದಿನದ ಭಾರಕ್ಕೆ ದಣಿದು ಸ್ಕ್ರೂ, ಕೊನೆಗೆ ರಾಡೇ ಮುರಿಯಬಹುದು. ಬೀಡಿ ಸೇದುವವರಲ್ಲಿ ಕೂಡಿಕೆ ತಡ. ಕೂಡಿಕೆ ತಡವಾದರೆ ಒಂದು ತುದಿಯ ಸ್ಕ್ರೂ ತೆಗೆದು ಎಲುಬಿನ ತುದಿಗಳು ಒತ್ತಿಕೊಳ್ಳುವಂತೆ ಮಾಡುತ್ತಾರೆ, ಇಲ್ಲವೇ ಇನ್ನೂ ದಪ್ಪನೆಯ ರಾಡ್ ಹಾಕುತ್ತಾರೆ.

ಮೊಣಕಾಲ ಕೆಳಗಿನ ಎಲುಬಿಗೆ ರಾಡ್ ಹಾಕಿಸಿಕೊಂಡವರಲ್ಲಿ ಅತಿ ಸಾಮಾನ್ಯವಾದ ದೂರು ಮಂಡಿನೋವು. ರಾಡ್ ಇಳಿಯುವುದು ಹೆಚ್ಚಾಗಿ ಮಂಡಿಚಿಪ್ಪಿನ ಕೆಳಗಿನಿಂದ. ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದರೆ ವೈದ್ಯರ ಲೆಕ್ಕಕ್ಕೆ ಗೆಲುವು. ಆದರೆ ಕುಕ್ಕರಗಾಲಲ್ಲಿ ಕೂತು ಉಳ್ಳಾಗಡ್ಡಿ ಕೀಳುವ, ಕಳೆ ತೆಗೆಯುವ ಹೆಣ್ಣುಮಗಳಿಗೆ ಈ ನೋವು ಕೂಲಿಯನ್ನೇ ಕಸಿಯುತ್ತದೆ. ಆಪರೇಷನ್ನಿಗೆ ಮೊದಲೇ ಇದನ್ನು ತಿಳಿಸಬೇಕು. ರಾಡ್ ತೆಗೆಸಿದರೆ ಹಲವರಿಗೆ ಹಗುರಾಗುತ್ತದೆ, ಎಲ್ಲರಿಗೂ ಅಲ್ಲ. ತೆಗೆಸಿದ ಮೇಲೆ ಸ್ಕ್ರೂ ತೂತುಗಳು ತುಂಬಿಕೊಳ್ಳುವ ತನಕ ಭಾರವಾದ ಹೊರೆ ಹೊರುವಂತಿಲ್ಲ.